ನಿಮ್ಮ ಹೈಟಿಗೆ ಸ್ಕೂಟಿನೇ ಸರಿ ಮೇಡಂ

ಬೈಕ್ ಶೋರೂಮುಗಳಲ್ಲಿ ಒಂದು ಮಾತಿದೆ. ಊರು ಬದಲಾದರೂ, ಕಂಪನಿ ಬದಲಾದರೂ ಅದು ಬದಲಾಗುವುದಿಲ್ಲ. "ನಿಮ್ಮ ಹೈಟಿಗೆ ಸ್ಕೂಟಿನೇ ಸರಿ ಮೇಡಂ." ಹೇಳುವ ಹುಡುಗ ಕೆಟ್ಟವನೇನಲ್ಲ. ನಗುತ್ತಲೇ ಹೇಳುತ್ತಾನೆ, ಕೂರಲು ಕುರ್ಚಿ ಕೊಡುತ್ತಾನೆ. ಆದರೆ ಅಷ್ಟು ಹೊತ್ತಿಗೆ ನಮ್ಮನ್ನು ಬೈಕುಗಳ ಸಾಲಿನಿಂದ ಸ್ಕೂಟರುಗಳ ಸಾಲಿಗೆ ದಾಟಿಸಿಯಾಗಿರುತ್ತದೆ. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಪಿಎಚ್‌ಡಿಯ ಕ್ಷೇತ್ರಕಾರ್ಯಕ್ಕೆಂದು ಗಾಡಿ ಹುಡುಕಲು ಹೊರಟಾಗ ಎರಡು ಊರುಗಳ ನಾಲ್ಕು ಶೋರೂಮುಗಳಲ್ಲಿ ಈ ಮಾತು ಕೇಳಿಸಿಕೊಂಡೆ. ನಾಲ್ಕರಲ್ಲಿ ಒಂದು ಕಡೆಯೂ ನನ್ನನ್ನು ಬೈಕಿನ ಮೇಲೆ ಕೂರಿಸಿ ನೋಡಲಿಲ್ಲ. ಅಡಿಯಿಂದ ಮುಡಿಯವರೆಗೆ ಒಂದು ನೋಟ, ಅಷ್ಟರಲ್ಲೇ ತೀರ್ಪು.

ಹೀಗೆ ಹೇಳುವುದು ಶೋರೂಮಿನವರು ಮಾತ್ರ ಅಲ್ಲ. ಅಪ್ಪ, ಅಣ್ಣ, ಹಾಸ್ಟೆಲ್ಲಿನ ಗೆಳೆಯರು, ಗ್ಯಾರೇಜಿನವರು, ಮದುವೆಮನೆಯಲ್ಲಿ ಸಿಕ್ಕ ದೂರದ ಮಾವ, ಎಲ್ಲರದೂ ಅದೇ ರಾಗ. ಅವರ ಕಾಳಜಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ ಮಾತಿನ ಬಗ್ಗೆ. ಅದು ಸುಳ್ಳು. ಎಲ್ಲರೂ ನಂಬಿರುವುದರಿಂದ ಯಾರೂ ಅಳೆದು ನೋಡದ ಸುಳ್ಳು.

ಅಳೆದು ನೋಡೋಣ. ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಸ್ಕೂಟರು ಹೋಂಡಾ ಆಕ್ಟಿವಾ. ಅದರ ಸೀಟಿನ ಎತ್ತರ 764 ಮಿಲಿಮೀಟರ್. ಅತಿ ಹೆಚ್ಚು ಮಾರಾಟವಾಗುವ ಬೈಕು ಹೀರೋ ಸ್ಪ್ಲೆಂಡರ್ ಪ್ಲಸ್. ಅದರ ಸೀಟಿನ ಎತ್ತರ 785. ವ್ಯತ್ಯಾಸ 21 ಮಿಲಿಮೀಟರ್. ಒಂದು ಇಂಚು ಕೂಡ ಪೂರ್ತಿ ಇಲ್ಲ. ಸ್ವಲ್ಪ ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡರೆ ಮುಗಿದುಹೋಗುವ ಅಂತರ ಇದು. ತೂಕಕ್ಕೆ ಬಂದರೆ ಆಕ್ಟಿವಾ ಸುಮಾರು 106 ಕೆಜಿ, ಸ್ಪ್ಲೆಂಡರ್ 112. ಮಾದರಿ ಬದಲಾದಂತೆ ಈ ಅಂಕಿಗಳು ಅಷ್ಟಿಷ್ಟು ಆಚೀಚೆ ಆಗುತ್ತವೆ, ಆಗಲಿ. ಆರು ಕೆಜಿ ಎಂದರೆ ಅರ್ಧ ಕೊಡ ನೀರು. ಈ ನಾಡಿನ ಹೆಂಗಸರಿಗೆ ಅರ್ಧ ಕೊಡ ನೀರಿನ ಭಾರದ ಬಗ್ಗೆ ಪಾಠ ಹೇಳಬೇಕಾಗಿಲ್ಲ.

ಇದಕ್ಕಿಂತ ತಮಾಷೆಯ ಅಂಕಿ ಇನ್ನೊಂದಿದೆ. ಬುಲೆಟ್ಟಿನ ಬಳಗಕ್ಕೆ ಸೇರಿದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸೀಟಿನ ಎತ್ತರ 805. ಬಜಾಜ್ ಪ್ಲಾಟಿನಾ 100ರದ್ದು 807. ಹೌದು, ಗಾರೆ ಕೆಲಸದವರು, ಹಾಲಿನವರು, ಸೊಪ್ಪಿನವರು ಓಡಿಸುವ ಪ್ಲಾಟಿನಾ ಆ 'ಗಂಡು ಗಾಡಿ'ಗಿಂತ ಎರಡು ಮಿಲಿಮೀಟರ್ ಎತ್ತರ. ಪ್ಲಾಟಿನಾ ಕೊಳ್ಳಲು ಬಂದ ಐದು ಅಡಿ ಎರಡು ಇಂಚಿನ ಗಾರೆ ಮೇಸ್ತ್ರಿಗೆ "ನಿಮ್ಮ ಹೈಟಿಗೆ ಇದು ಆಗಲ್ಲ ಸಾರ್" ಎಂದು ಹೇಳಿದ ಶೋರೂಮನ್ನು ನಾನಂತೂ ಕಂಡಿಲ್ಲ. ಅವನು ಮೈಲೇಜು ಕೇಳುತ್ತಾನೆ, ಕಂತು ಕೇಳುತ್ತಾನೆ, ಒಂದು ಕಾಲು ನೆಲಕ್ಕೆ ಊರಿ ಒಂದು ಸುತ್ತು ಹೊಡೆಯುತ್ತಾನೆ, ತಗೊಂಡು ಹೋಗುತ್ತಾನೆ. ಎತ್ತರ ಎನ್ನುವುದು ಅವನಿಗೆ ಅನ್ವಯವಾಗದ ಕಾನೂನು.

ಇನ್ನು 'ಗಿಡ್ಡ' ಎಂಬ ಪದ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಭಾರತದ ವಯಸ್ಕ ಹೆಣ್ಣಿನ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದು ಅಡಿಯ ಆಸುಪಾಸು. ನಾನು 150. ಹಾಗೆ ನೋಡಿದರೆ ನಾನು ಗಿಡ್ಡವಳಲ್ಲ, ಹೆಚ್ಚುಕಡಿಮೆ ಸರಾಸರಿಯವಳು. ದೇಶದ ಅರ್ಧದಷ್ಟು ವಯಸ್ಕರ ಸರಾಸರಿ ಮೈಕಟ್ಟಿಗೆ ದೇಶದ ಅತಿ ಸಾಮಾನ್ಯ ವಾಹನ ಹೊಂದುವುದಿಲ್ಲ ಎಂದಾದರೆ ಅದು ಆ ಮೈಕಟ್ಟಿನ ದೋಷ ಹೇಗಾಗುತ್ತದೆ? ಬಾಗಿಲು ಕಿರಿದಾಗಿದೆ ಎನ್ನುವ ಬದಲು ಮನೆಗೆ ಬಂದವರೆಲ್ಲ ದಪ್ಪ ಎನ್ನುವ ಮಾತಿನ ಹಾಗಿದೆ ಇದು.

ಹಾಗಾದರೆ ಎತ್ತರದ ಪ್ರಶ್ನೆಯೇ ಇಲ್ಲವೇ? ಇದೆ. ಆದರೆ ಶೋರೂಮಿನ ಹಾಳೆಯಲ್ಲಿ ಅಚ್ಚಾದ ಆ ಒಂದು ಅಂಕಿಯಲ್ಲಿ ಇಲ್ಲ. ಆ ಅಂಕಿ ಖಾಲಿ ನಿಂತ ಗಾಡಿಯದ್ದು. ನಾವು ಕೂತಾಗ ಶಾಕಪ್‌ಗಳು ಕುಸಿದು ಸೀಟು ಒಂದಷ್ಟು ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸೀಟಿನ ಅಗಲ. ಕಾಲು ಕಂಬದ ಹಾಗೆ ನೇರ ಕೆಳಗೆ ಇಳಿಯುವುದಿಲ್ಲವಲ್ಲ, ತೊಡೆಯ ಕೆಳಗೆ ಏನಿದೆಯೋ ಅದನ್ನು ಬಳಸಿಕೊಂಡು ಇಳಿಯಬೇಕು. ಟ್ಯಾಂಕಿಗೆ ಸೇರುವಲ್ಲಿ ಸೀಟು ತೆಳ್ಳಗಿದ್ದರೆ 785 ಕೂಡ ಎಟುಕುತ್ತದೆ, ಅಗಲವಾಗಿದ್ದರೆ 760 ಕೂಡ ಕೈಕೊಡುತ್ತದೆ. ಸ್ಕೂಟರಿನ ಸೀಟು ಅಗಲ, ಅದರ ಮುಂದಿನ ಕಾಲಿಡುವ ಹಲಗೆಯೂ ಅಗಲ. ಹಾಗಾಗಿ ಹಾಳೆಯ ಮೇಲೆ ಉಳಿದ ಆ 21 ಮಿಲಿಮೀಟರ್ ಕೂಡ ಸಿಗ್ನಲ್ಲಿನಲ್ಲಿ ನಿಂತಾಗ ಕೆಲಸಕ್ಕೆ ಬರುವುದಿಲ್ಲ. ನನ್ನ ಚಿಕ್ಕಮ್ಮನ ಮಗಳು ಹತ್ತು ವರ್ಷದಿಂದ ಸ್ಕೂಟರಿನಲ್ಲಿ ತುದಿಗಾಲಲ್ಲೇ ನಿಲ್ಲುತ್ತಾಳೆ. ಅದನ್ನು ಯಾರೂ ಅಪಾಯ ಎಂದು ಕರೆದಿಲ್ಲ. ಅದೇ ತುದಿಗಾಲು ಬೈಕಿನ ಮೇಲಿದ್ದರೆ ಮಾತ್ರ ಅಪಾಯ.

ಮೂರನೆಯದು ತೂಕ. ಶುರುವಿನಲ್ಲಿ ನಿಜಕ್ಕೂ ಲೆಕ್ಕ ಹಾಕಬೇಕಾದದ್ದು ಇದನ್ನೇ. ನನ್ನ ತೂಕ 46 ಕೆಜಿ. ಸ್ಪ್ಲೆಂಡರ್ ನನ್ನ ತೂಕದ ಸುಮಾರು ಎರಡೂವರೆ ಪಟ್ಟು. 195 ಕೆಜಿಯ ಕ್ಲಾಸಿಕ್ ನನ್ನ ನಾಲ್ಕು ಪಟ್ಟಿಗಿಂತ ಹೆಚ್ಚು. 75 ಕೆಜಿಯ ಗಂಡಸಿಗೆ ಅದೇ ಕ್ಲಾಸಿಕ್ ಎರಡೂವರೆ ಪಟ್ಟಿಗಿಂತ ಚೂರು ಹೆಚ್ಚು. ಅಂದರೆ ಅವನಿಗೆ ಕ್ಲಾಸಿಕ್ ಹೇಗೋ ನನಗೆ ಸ್ಪ್ಲೆಂಡರ್ ಹಾಗೆ. ಇಷ್ಟು ಸರಳ ಭಾಗಾಕಾರವನ್ನು ಬಿಟ್ಟು ನಾವು ಕಾಲಿನ ಉದ್ದ ನೋಡುತ್ತಾ ಕೂತಿದ್ದೇವೆ.

ಎತ್ತರದ ವಾದವನ್ನು ಪೂರ್ತಿ ಮುರಿದು ಹಾಕುವ ಸಾಕ್ಷಿ ಎಲ್ಲರ ಓಣಿಯಲ್ಲೂ ಇದೆ. ಹದಿಮೂರು ವರ್ಷದ ಹುಡುಗ ಅಪ್ಪನ ಬೈಕು ತೆಗೆದುಕೊಂಡು ಹಿಟ್ಟಿನ ಗಿರಣಿಗೆ ಹೋಗಿ ಬರುವುದನ್ನು ನೋಡದವರು ಯಾರು? ಅವನ ಎತ್ತರವೂ ನನ್ನಷ್ಟೇ, ತೂಕ ನನಗಿಂತ ಕಡಿಮೆ. ಕಾನೂನಿನ ಪ್ರಕಾರ ಅದು ತಪ್ಪು. 2019ರ ತಿದ್ದುಪಡಿಯ ನಂತರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆದರೂ ಊರು ಏನನ್ನುತ್ತದೆ? "ಭಾರೀ ಚೂಟಿ ಬಿಡ್ರಿ ನಿಮ್ಮ ಹುಡುಗ" ಅನ್ನುತ್ತದೆ. ಅವನ ಕಾಲು ನೆಲಕ್ಕೆ ಎಟುಕುತ್ತಿಲ್ಲ ಎಂಬುದು ಅಲ್ಲಿ ಜಾಣತನಕ್ಕೆ ಪುರಾವೆ. ಇಪ್ಪತ್ತೆಂಟು ವರ್ಷದ, ಲೈಸೆನ್ಸು ಇರುವ ನನ್ನ ಕಾಲು ಎಟುಕದಿರುವುದು ಅನರ್ಹತೆಗೆ ಪುರಾವೆ. ಆ ಹುಡುಗ ಹದಿನೆಂಟು ದಾಟುವ ಹೊತ್ತಿಗೆ ಐದು ವರ್ಷದ ಅಭ್ಯಾಸ ಗಿಟ್ಟಿಸಿಕೊಂಡಿರುತ್ತಾನೆ. ನಾವು ಇಪ್ಪತ್ತೈದರಲ್ಲಿ ಮೊದಲ ಸಲ ಕ್ಲಚ್ಚು ಹಿಡಿಯುತ್ತೇವೆ. ಇಬ್ಬರ ನಡುವಿನ ಆ ಅಂತರವನ್ನು ನೋಡಿದವರು 'ಹೈಟು' ಎಂದು ಕರೆದು ಸುಮ್ಮನಾಗುತ್ತಾರೆ.

ಇಷ್ಟಕ್ಕೂ ಬೈಕೇ ಏಕೆ, ಸ್ಕೂಟಿಯಲ್ಲೇ ಹೋದರೆ ಏನು ಕಳೆದುಹೋಗುತ್ತದೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನ ಸಂಶೋಧನೆ ವಾರದ ಸಂತೆಗಳ ಬಗ್ಗೆ. ಚನ್ನಗಿರಿ, ಹೊನ್ನಾಳಿ ಕಡೆಯ ಹಳ್ಳಿಗಳಲ್ಲಿ ಸಂತೆಗೆ ಕಾಯಿಪಲ್ಲೆ ತರುವ ಹೆಂಗಸರ ಜತೆ ಅವರ ಹೊಲದಿಂದಲೇ ಹೊರಡಬೇಕು. ನಸುಕಿನಲ್ಲಿ ಅಲ್ಲಿಗೆ ಬಸ್ಸಿಲ್ಲ. ಅಡಿಕೆ ತೋಟಗಳ ನಡುವಿನ ದಾರಿ, ಮಳೆ ಬಿದ್ದರೆ ಎರೆಮಣ್ಣು, ಟ್ರ್ಯಾಕ್ಟರಿನ ಗಾಲಿ ಕೊರೆದ ಚರಂಡಿ. ಆಕ್ಟಿವಾದ ಮುಂದಿನ ಚಕ್ರ 12 ಇಂಚು, ಹಿಂದಿನದು 10. ಸ್ಪ್ಲೆಂಡರಿನದು ಎರಡೂ 18. ಗುಂಡಿಯೊಳಗೆ ಚಿಕ್ಕ ಚಕ್ರ ಇಳಿದು ಕೂರುತ್ತದೆ, ದೊಡ್ಡ ಚಕ್ರ ಅದರ ಮೇಲೆ ಹಾದುಹೋಗುತ್ತದೆ. ಇದಕ್ಕೆ ಭೌತಶಾಸ್ತ್ರ ಬೇಕಿಲ್ಲ, ಎತ್ತಿನ ಗಾಡಿಯ ಚಕ್ರ ಯಾಕೆ ಅಷ್ಟು ದೊಡ್ಡದಿರುತ್ತಿತ್ತು ಎಂದು ಯೋಚಿಸಿದರೆ ಸಾಕು.

"ನಿಮಗೆ ಸ್ಕೂಟಿ ಸಾಕು" ಎಂಬ ಮಾತಿನೊಳಗೆ ಇನ್ನೊಂದು ಮಾತು ಅಡಗಿದೆ. ನಿಮಗೆ ಟಾರು ರಸ್ತೆ ಸಾಕು. ಮನೆಯಿಂದ ಕಾಲೇಜು, ಕಾಲೇಜಿನಿಂದ ತರಕಾರಿ ಅಂಗಡಿ, ಅಲ್ಲಿಂದ ಮಗುವಿನ ಶಾಲೆ. ಟಾರು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ನಿಮ್ಮ ಕೆಲಸವೂ ಮುಗಿಯಬೇಕು. ನನ್ನ ಕೆಲಸ ಶುರುವಾಗುವುದೇ ಅಲ್ಲಿಂದ. ಹಳ್ಳಿಗೆ ಹೋಗುವ ಆಶಾ ಕಾರ್ಯಕರ್ತೆಯದ್ದೂ ಅಲ್ಲಿಂದಲೇ, ತೋಟದ ಮನೆಗಳಿಗೆ ಹೋಗುವ ನರ್ಸಮ್ಮನದ್ದೂ ಅಲ್ಲಿಂದಲೇ.

ಸ್ಕೂಟಿಯನ್ನು ಹಳಿಯುತ್ತಿಲ್ಲ. ಅದರ ಋಣ ದೊಡ್ಡದು. 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ಇಬ್ಬರು ಕೂರಬಹುದಾದ ಮೊಪೆಡ್ಡನ್ನು ಬಡವರ ಮನೆಗೆ ತಂದಿತು. ತೊಂಬತ್ತರ ದಶಕದ ಸ್ಕೂಟಿ ಎಷ್ಟೋ ಮೇಷ್ಟರಮ್ಮಂದಿರನ್ನು ಗಂಡನ ಹಿಂದಿನ ಸೀಟಿನಿಂದ ಇಳಿಸಿತು. ಆದರೆ ಒಂದು ಕಂಪನಿಯ ಒಂದು ಗಾಡಿಯ ಹೆಸರು ಕನ್ನಡದಲ್ಲಿ 'ಹೆಣ್ಣುಮಕ್ಕಳ ಗಾಡಿ' ಎಂಬುದಕ್ಕೇ ಹೆಸರಾಗಿಬಿಟ್ಟಿತಲ್ಲ, ಸಮಸ್ಯೆ ಅಲ್ಲಿ. ಆಮೇಲೆ ಬಂದ ಜಾಹೀರಾತುಗಳೆಲ್ಲ ಅದೇ ಗೆರೆಯನ್ನು ಗುಲಾಬಿ ಬಣ್ಣದಲ್ಲಿ ಮತ್ತೆ ಮತ್ತೆ ಎಳೆದವು. ಬಾಗಿಲಾಗಿ ಬಂದದ್ದು ನೋಡನೋಡುತ್ತ ಗೋಡೆಯಾಯಿತು.

ಸರ್ಕಾರದ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ ಎಂಬುದಕ್ಕೂ ಒಂದು ದಾಖಲೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಬೈಕಿನಲ್ಲಿ ಹಿಂದೆ ಕೂರುವವರ ಸುರಕ್ಷತೆಯ ಬಗ್ಗೆ. ಹಿಡಿದುಕೊಳ್ಳಲು ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರಕ್ಕೆ ಮರೆ ಇರಬೇಕು. ನಿಯಮ ಹೆಣ್ಣು ಎಂಬ ಪದ ಬಳಸುವುದಿಲ್ಲ. ಆದರೆ ಶೋರೂಮಿನಲ್ಲಿ ಆ ಮರೆಗೆ ಇರುವ ಹೆಸರು 'ಸಾರಿ ಗಾರ್ಡ್'. ಅದು ಬೇಕಾದ ನಿಯಮವೇ, ಜೀವ ಉಳಿಸಿದೆ. ಆದರೆ ಗಮನಿಸಿ, ಹಿಂದೆ ಕೂತವಳ ಸೆರಗಿನ ಬಗ್ಗೆ ಯೋಚಿಸಿದ ಇಡೀ ವ್ಯವಸ್ಥೆ ಮುಂದೆ ಕೂತವಳ ಕಾಲಿನ ಬಗ್ಗೆ ಯೋಚಿಸಿಲ್ಲ.

ಇದರ ಎದುರು ಪಾಳೆಯದವರ ಮೇಲೂ ನನಗೆ ಸಿಟ್ಟಿದೆ. 'ಬುಲೆಟ್ ರಾಣಿ' ಪಾಳೆಯ. ಹೆಣ್ಣು ಬೈಕು ಓಡಿಸಬೇಕೆಂದರೆ ಬುಲೆಟ್ಟನ್ನೇ ಓಡಿಸಬೇಕು, ಕಪ್ಪು ಕನ್ನಡಕ ಹಾಕಬೇಕು, ಯಾರೋ ಫೋಟೋ ತೆಗೆಯಬೇಕು, ಕೆಳಗೆ ಸಬಲೀಕರಣ ಎಂದು ಬರೆಯಬೇಕು. 2018ರ ಗಣರಾಜ್ಯೋತ್ಸವದಲ್ಲಿ ಗಡಿ ಭದ್ರತಾ ಪಡೆಯ ಸೀಮಾ ಭವಾನಿ ತಂಡದ ಹೆಣ್ಣುಮಕ್ಕಳು ರಾಜಪಥದಲ್ಲಿ ಬೈಕುಗಳ ಮೇಲೆ ಪಿರಮಿಡ್ಡು ಕಟ್ಟಿ ನಿಂತಾಗ ದೇಶವೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆದರೆ ಸೈನಿಕ ತರಬೇತಿ ಪಡೆದವರ ಸಾಹಸವನ್ನು ತೋರಿಸಿ ನಮ್ಮನ್ನು ಹುರಿದುಂಬಿಸುವುದು, ಮರುದಿನ ಶೋರೂಮಿಗೆ ಹೋದಾಗ ಸ್ಕೂಟಿಯ ಕಡೆ ಕೈ ತೋರಿಸುವುದು, ಎರಡೂ ಒಂದೇ ಮನಸ್ಥಿತಿಯ ಎರಡು ಮುಖ. ಹೆಣ್ಣು ಬೈಕು ಓಡಿಸಿದರೆ ಅದು ಒಂದೋ ಪವಾಡವಾಗಿರಬೇಕು, ಇಲ್ಲವೇ ಆಗಲೇಬಾರದು. ಸಂತೆಗೆ ಬದನೆಕಾಯಿ ಹೇರಿಕೊಂಡು ಹೋಗುವ ಮಾಮೂಲಿ ಕೆಲಸವಾಗಿ ಅದನ್ನು ನೋಡುವುದು ಯಾರಿಗೂ ಬೇಡ.

ಈ ಪಾಳೆಯದ ಮಾತು ಕೇಳಿ 195 ಕೆಜಿಯ ಗಾಡಿಯನ್ನು ಮೊದಲ ಬೈಕಾಗಿ ತಂದ ಹುಡುಗಿಯರಲ್ಲಿ ಎಷ್ಟು ಜನರ ಬೈಕು ಈಗ ಅಣ್ಣನ ಕೈಯಲ್ಲಿದೆ, ವಿಚಾರಿಸಿ ನೋಡಿ. ಹುಡುಗರ ಪಾಡೂ ಬೇರೆಯಲ್ಲ. ನಮ್ಮ ವಿಭಾಗದ ಜೂನಿಯರ್ ಒಬ್ಬ ಐದು ಅಡಿ ಮೂರು ಇಂಚು ಇದ್ದಾನೆ. ಅವನ ಗೆಳೆಯರು ಸೇರಿ 820 ಮಿಲಿಮೀಟರ್ ಆಸುಪಾಸಿನ ಸೀಟಿರುವ ಎತ್ತರದ ಗಾಡಿಯನ್ನೇ ಕೊಡಿಸಿದರು, ಚಿಕ್ಕ ಬೈಕು ತಂದರೆ ಮರ್ಯಾದೆ ಹೋಗುತ್ತದಂತೆ. ಅವನು ಪ್ರತಿ ಸಿಗ್ನಲ್ಲಿನಲ್ಲೂ ಫುಟ್‌ಪಾತಿನ ಕಟ್ಟೆ ಹುಡುಕುತ್ತಾನೆ. ಹೆಣ್ಣಿಗೆ ಎತ್ತರವಿಲ್ಲವೆಂದು ಬೈಕು ಬೇಡ, ಗಂಡಿಗೆ ಎತ್ತರವಿಲ್ಲವೆಂದೇ ದೊಡ್ಡ ಬೈಕು ಬೇಕು. ಈ ತರ್ಕ ಯಾವ ಶಾಸ್ತ್ರದ್ದೋ ನನಗೆ ಇನ್ನೂ ಅರ್ಥವಾಗಿಲ್ಲ.

ಯುರೋಪಿನಲ್ಲಿ ಇದನ್ನು ಕಾನೂನೇ ನೋಡಿಕೊಳ್ಳುತ್ತದೆ. ಅಲ್ಲಿ ಮೊದಲ ಹಂತದ ಲೈಸೆನ್ಸಿಗೆ 125 ಸಿಸಿ, 11 ಕಿಲೋವಾಟ್ ಮಿತಿ. ಮುಂದಿನ ಹಂತಕ್ಕೆ 35 ಕಿಲೋವಾಟ್. ಅದರ ಮೇಲಿನ ಹಂತ ದೊಡ್ಡ ಗಾಡಿಯದ್ದು. ನಮ್ಮಲ್ಲಿ ಗೇರಿನ ಬೈಕಿಗೆ ಒಂದೇ ಲೈಸೆನ್ಸು. ನೂರು ಸಿಸಿಗೂ ಅದೇ, ಸಾವಿರ ಸಿಸಿಗೂ ಅದೇ. ಕಲಿಯುವವರಿಗೆ ಯಾವ ಗಾಡಿ ಸೂಕ್ತ ಎಂದು ರಾಜ್ಯ ಹೇಳುವುದಿಲ್ಲವಾದ್ದರಿಂದ ಆ ಅಧಿಕಾರ ಮಾರುವವನ ಮತ್ತು ಮನೆಯ ಗಂಡಸರ ಕೈಗೆ ಹೋಗಿದೆ.

ಹಾಗಾಗಿ ನಾವೇ ಹೇಳಿಕೊಳ್ಳಬೇಕು. ನಾನು ತೆಗೆದುಕೊಂಡದ್ದು ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್. ಫೆಲೋಶಿಪ್ಪಿನ ಹಣಕ್ಕೆ ಅದೇ ಎಟುಕಿದ್ದು. ಆದರೆ ಹಣ ಇದ್ದಿದ್ದರೂ ಮೊದಲ ಗಾಡಿಯಾಗಿ ಅದನ್ನೇ, ಅಥವಾ ಅದರ ಬಳಗದ್ದನ್ನೇ ತೆಗೆದುಕೊಳ್ಳುತ್ತಿದ್ದೆ. ಹೋಂಡಾ ಶೈನ್ 100 ಇದೆ, 99 ಕೆಜಿ, ಸೀಟು 786. ಟಿವಿಎಸ್ ರೈಡರ್ ಇದೆ, 780, ತೂಕ 123. ಕಲಿಯುವಾಗ ಗಾಡಿ ಬೀಳುತ್ತದೆ, ಬೀಳಬೇಕು ಕೂಡ. ಹಳೆಯ ನೂರು ಸಿಸಿ ಗಾಡಿ ಬಿದ್ದರೆ ಒಂದು ಇಂಡಿಕೇಟರು, ಒಂದು ಕ್ಲಚ್ ಲಿವರು ಹೋಗುತ್ತದೆ, ಯಾವ ಹಳ್ಳಿಯ ಗ್ಯಾರೇಜಿನಲ್ಲೂ ಸಿಗುತ್ತದೆ. ಹೊಸ ದುಬಾರಿ ಗಾಡಿಯನ್ನು ಬೀಳಿಸಲು ಮನಸ್ಸು ಬರುವುದಿಲ್ಲ. ಬೀಳಿಸಲು ಹೆದರುವವರು ನಿಧಾನವಾಗಿ ತಿರುಗಿಸುವುದನ್ನು ಕಲಿಯುವುದೇ ಇಲ್ಲ.

"ತಗ್ಗಿನ ಸೀಟು ತಾನೇ ಬೇಕು, ಅವೆಂಜರ್ ತಗೊಳ್ಳಿ" ಎನ್ನುವ ಉದಾರಿಗಳೂ ಸಿಗುತ್ತಾರೆ. ಅದರ ಸೀಟು 737, ನಿಜ. ಎರಡೂ ಪಾದ ಪೂರ್ತಿ ನೆಲಕ್ಕೆ ಕೂರಬಹುದು. ಆದರೆ ತೂಕ 150 ಕೆಜಿ ದಾಟುತ್ತದೆ, ಗಾಡಿ ಉದ್ದ, ಕಾಲಿಡುವ ಕಡ್ಡಿ ಮುಂದಕ್ಕಿದೆ. ಕೈಕಾಲು ಚಿಕ್ಕದಾದವರು ಅದನ್ನು ಪೂರ್ತಿ ತಿರುಗಿಸಲು ಹೋದರೆ ಹೊರಗಿನ ಕೈ ಹ್ಯಾಂಡಲ್ಲಿನಿಂದ ಜಾರಲು ನೋಡುತ್ತದೆ. ತಗ್ಗಿನ ಸೀಟಿನ ಮೇಲೆ ಕೂತು ಗಾಡಿ ಹತೋಟಿಗೆ ಸಿಗದಿರುವುದಕ್ಕಿಂತ, ಎತ್ತರದ ಸೀಟಿನ ಮೇಲೆ ಕೂತು ಗಾಡಿ ಕೈಯೊಳಗಿರುವುದು ಮೇಲು. ಅಂದಹಾಗೆ ಶೋರೂಮಿನಲ್ಲಿ ಕಾಲನ್ನಷ್ಟೇ ನೋಡಬೇಡಿ, ಬೆರಳನ್ನೂ ನೋಡಿ. ಕ್ಲಚ್ ಲಿವರನ್ನು ಮೊದಲ ಗೆಣ್ಣಿನಿಂದ ಹಿಡಿಯಲಾಗುತ್ತದೆಯೋ, ಬೆರಳ ತುದಿಯಿಂದ ಎಳೆದುಕೊಳ್ಳಬೇಕೋ? ಎರಡನೆಯದಾದರೆ ಅರ್ಧ ಗಂಟೆಯ ಟ್ರಾಫಿಕ್ಕಿನಲ್ಲಿ ಮುಂಗೈ ಸೋಲುತ್ತದೆ. ಚಿಕ್ಕ ಕೈಯ ಬಗ್ಗೆ ಎಚ್ಚರಿಸುವವರನ್ನು ನಾನು ಒಬ್ಬರನ್ನೂ ಕಾಣಲಿಲ್ಲ. ಎಲ್ಲರ ಕಣ್ಣೂ ಕಾಲಿನ ಮೇಲೆಯೇ.

ಸೀಟು ತಗ್ಗಿಸಲೇಬೇಕೆಂದರೆ ಕುಷನ್ ಅಂಗಡಿಗೆ ಹೋಗಿ, ಶಾಕಪ್ ಕತ್ತರಿಸುವವರ ಹತ್ತಿರ ಹೋಗಬೇಡಿ. ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ಸೀಟು ಕವರು ಹೊಲಿಯುವ ಸಾಹೇಬರು ನನ್ನನ್ನು ಗಾಡಿಯ ಮೇಲೆ ಕೂರಿಸಿ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಮೇಲಿನ ಸ್ಪಂಜು ಸ್ವಲ್ಪವೇ ತೆಗೆದು, ತೊಡೆ ತಾಗುವ ಎರಡು ಬದಿಯನ್ನು ಚೆನ್ನಾಗಿ ಸವರಿದರು. ಹೊಸ ಕವರು ಸೇರಿ ಆರುನೂರು ರೂಪಾಯಿ. ತುದಿಗಾಲಿದ್ದದ್ದು ಮುಂಗಾಲಾಯಿತು. ನಾಲ್ಕು ಶೋರೂಮುಗಳಿಗೆ ಹೊಳೆಯದ ಅಳತೆ ಆ ಒಬ್ಬರಿಗೆ ಹೊಳೆಯಿತು, ಯಾಕೆಂದರೆ ಅವರು ಅಳೆದರು. ಶಾಕಪ್ಪನ್ನು ಗಿಡ್ಡ ಮಾಡಿದರೆ ಗಾಡಿಯ ಹೊಟ್ಟೆ ಹಂಪಿಗೆ ತಾಗುತ್ತದೆ. ಸೈಡ್ ಸ್ಟ್ಯಾಂಡು ಉದ್ದವಾಗಿಬಿಡುವುದರಿಂದ ಗಾಡಿ ವಾಲಿ ನಿಲ್ಲುವ ಬದಲು ನೆಟ್ಟಗೆ ನಿಂತು, ಗಾಳಿ ಬಂದರೆ ಆಚೆ ಬದಿಗೆ ಬೀಳುತ್ತದೆ. ಅದಕ್ಕೂ ಮೊದಲು ಹಿಂದಿನ ಶಾಕಪ್ಪಿನ ಬುಡದಲ್ಲಿರುವ ಮೆಟ್ಟಿಲು ಮೆಟ್ಟಿಲಾದ ಬಳೆಯನ್ನು ಅತಿ ಮೆತ್ತಗಿನ ಹಂತಕ್ಕೆ ತಿರುಗಿಸಿ ನೋಡಿ. ನನ್ನಷ್ಟು ಹಗುರ ಇದ್ದವರಿಗೆ ಅದರಿಂದಲೇ ಒಂದಿಷ್ಟು ಸಿಗುತ್ತದೆ, ಖರ್ಚಿಲ್ಲ.

ಉಳಿದದ್ದು ಅಭ್ಯಾಸ. ಎರಡೂ ಕಾಲು ನೆಲಕ್ಕೆ ಬೇಕು ಎಂಬುದೇ ಮೊದಲ ಮೂಢನಂಬಿಕೆ. ಒಂದು ಸಾಕು. ಬಲಗಾಲು ಹಿಂದಿನ ಬ್ರೇಕಿನ ಮೇಲಿರಲಿ, ಸೊಂಟವನ್ನು ಸೀಟಿನ ಎಡಕ್ಕೆ ಒಂದು ಹಿಡಿ ಜರುಗಿಸಿ, ಎಡಗಾಲು ಗಟ್ಟಿಯಾಗಿ ಊರಿಕೊಳ್ಳುತ್ತದೆ. ಆದರೆ ನಮ್ಮ ರಸ್ತೆಗಳ ಅಂಚು ಎಡಕ್ಕೆ ಇಳಿಜಾರು. ಪೂರ್ತಿ ಅಂಚಿಗೆ ಹೋಗಿ ನಿಂತರೆ ಎಡಗಾಲಿಗೆ ನೆಲ ಇನ್ನೂ ಎರಡು ಇಂಚು ಕೆಳಗೆ ಹೋಗಿರುತ್ತದೆ, ಅದರ ಮೇಲೆ ಜಲ್ಲಿಕಲ್ಲು ಬೇರೆ. ತುಸು ಒಳಗೆ ನಿಲ್ಲಿಸಿ. ಹಿಂದಕ್ಕೆ ತಳ್ಳಬೇಕಾದಾಗ ಸೀಟಿನ ಮೇಲೆ ಕೂತು ತುದಿಗಾಲಲ್ಲಿ ಒದ್ದಾಡಬೇಡಿ, ಇಳಿದು ಪಕ್ಕದಲ್ಲಿ ನಿಂತು ತಳ್ಳಿ. ಗಂಡಸರು ನೋಡುತ್ತಾರೆ, ನೋಡಲಿ. ಇಳಿಜಾರಿಗೆ ಮುಖ ಮಾಡಿ ಪಾರ್ಕು ಮಾಡಬೇಡಿ. ಡಬಲ್ ಸ್ಟ್ಯಾಂಡು ಹಾಕುವುದು ತೋಳಿನ ಕೆಲಸವಲ್ಲ, ಸ್ಟ್ಯಾಂಡಿನ ಮೇಲೆ ಮೈಭಾರವೆಲ್ಲ ಬಿಟ್ಟು ನಿಂತರೆ ಗಾಡಿ ತಾನೇ ಹಿಂದಕ್ಕೆ ಹತ್ತಿಕೊಳ್ಳುತ್ತದೆ. ಗಾಡಿ ಬಿದ್ದರೆ ಅದಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಹಿಂದಿನ ಹಿಡಿಕೆಗೆ ಹಾಕಿ, ತೊಡೆಯ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎದ್ದೇಳಿ. ಇದನ್ನೆಲ್ಲ ನಾನು ಕಲಿತದ್ದು ಭಾನುವಾರ ಖಾಲಿ ಇರುವ ಎಪಿಎಂಸಿ ಯಾರ್ಡಿನ ಸಿಮೆಂಟು ಅಂಗಳದಲ್ಲಿ, ಮೂರು ವಾರದಲ್ಲಿ.

ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದಾರೆ. ಹತ್ತು ಹನ್ನೆರಡು ವರ್ಷದಿಂದ ಟಿವಿಎಸ್ ಎಕ್ಸೆಲ್ ಓಡಿಸುತ್ತಾರೆ, ನನಗಿಂತ ಗಿಡ್ಡ. ಈಗಿನ ಎಕ್ಸೆಲ್ 100ರ ಸೀಟಿನ ಎತ್ತರ 787 ಎಂದು, ಅಂದರೆ ನನ್ನ ಬೈಕಿಗಿಂತ ಎರಡು ಮಿಲಿಮೀಟರ್ ಹೆಚ್ಚು ಎಂದು ಅವರಿಗೆ ಹೇಳಿದೆ. ಎಕ್ಸೆಲ್ ಹಗುರ, ನಡುವೆ ಕಾಲು ತೂರಿಸಿ ಹತ್ತಬಹುದು, ಅದೇನೋ ಸರಿ. ಆದರೆ ನಿಂತಾಗ ಕಾಲು ಎಟುಕುವ ಲೆಕ್ಕ ಅದೇ ತಾನೇ. ಕಾಲು ಎಟುಕುತ್ತದಾ ಎಂದು ಕೇಳಿದೆ. "ಎಟುಕೋ ಕಡೆ ನಿಲ್ಲಿಸ್ತೀನವ್ವ" ಅಂದರು. ಮತ್ತೆ ದಂಟಿನ ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸತೊಡಗಿದರು.

ಕಂಪನಿಗಳಿಂದ ನಾನು ಕೇಳುವುದು ಗುಲಾಬಿ ಬಣ್ಣದ ಬೈಕನ್ನಲ್ಲ. ತಗ್ಗಿನ, ಕಿರಿದಾದ ಇನ್ನೊಂದು ಸೀಟನ್ನು ಕಾರ್ಖಾನೆಯಲ್ಲೇ ಮಾಡಿ, ಅದೇ ಬೆಲೆಗೆ ಆಯ್ಕೆಯಾಗಿ ಕೊಡಲಿ. ಕೆಲವು ದುಬಾರಿ ಗಾಡಿಗಳಿಗೆ ಈಗಾಗಲೇ ತಗ್ಗಿನ ಸೀಟು ಸಿಗುತ್ತದೆ, ಪ್ರತ್ಯೇಕ ದುಡ್ಡಿಗೆ. ಬೇಕಾಗಿರುವುದು ನೂರು ಸಿಸಿಯವರಿಗೆ. ಸೀಟಿನ ಎತ್ತರದ ಪಕ್ಕದಲ್ಲಿ ಅದರ ಅಗಲವನ್ನೂ ಅಚ್ಚು ಹಾಕಲಿ. ಹೆಣ್ಣುಮಕ್ಕಳು ಬಂದಾಗ ಟೆಸ್ಟ್ ರೈಡಿನ ಬೀಗದ ಕೈ ಜತೆಗೆ ಬಂದ ಗಂಡಸಿನ ಕೈಗೆ ಹೋಗದಿರಲಿ. ಇದೂ ನಡೆಯುತ್ತದೆ. ಗಾಡಿ ನನಗೆ ಎಂದು ಎರಡು ಸಲ ಹೇಳಿದರೂ ಅಣ್ಣನೇ ಓಡಿಸಿ ನೋಡಿ "ಚೆನ್ನಾಗಿದೆ" ಎನ್ನಬೇಕು.

ಇನ್ನೊಂದು ಗುಟ್ಟು ಆರ್‌ಟಿಒ ಆಫೀಸಿನ ಹೊರಗಿನದು. ಎಲ್‌ಎಲ್ಆರ್ ಅರ್ಜಿಯಲ್ಲಿ ಗೇರ್ ಇಲ್ಲದ ದ್ವಿಚಕ್ರ, ಗೇರ್ ಇರುವ ದ್ವಿಚಕ್ರ ಎಂದು ಎರಡು ಬಗೆ ಇವೆ. ಗೇರ್ ಇರುವುದರ ಲೈಸೆನ್ಸಿದ್ದರೆ ಎರಡನ್ನೂ ಓಡಿಸಬಹುದು, ಇಲ್ಲದ್ದರ ಲೈಸೆನ್ಸಿದ್ದರೆ ಬೈಕು ಮುಟ್ಟುವ ಹಾಗಿಲ್ಲ. ಅರ್ಜಿ ತುಂಬಿಕೊಡುವ ಏಜೆಂಟರು ಹೆಣ್ಣುಮಕ್ಕಳ ಮುಖ ನೋಡಿದ ಕೂಡಲೇ ಮೊದಲನೆಯದಕ್ಕೆ ಟಿಕ್ ಹಾಕಿಬಿಡುತ್ತಾರೆ, ಕೇಳುವುದೂ ಇಲ್ಲ. ನಮ್ಮ ಹಾಸ್ಟೆಲ್ಲಿನ ಎಂಎ ಹುಡುಗಿಯೊಬ್ಬಳು ಕಳೆದ ವಾರ ಹೀಗೆ ಹಾಕಿದ ಟಿಕ್ಕನ್ನು ಅಲ್ಲೇ ನಿಂತು ಬದಲಾಯಿಸಿಕೊಂಡು ಬಂದಳು. ಅವಳು ನನಗಿಂತ ಒಂದು ಇಂಚು ಕಡಿಮೆ. ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಇನ್ನು ಮೂವತ್ತು ದಿನ ಕಾಯಬೇಕು. ಎಪಿಎಂಸಿ ಯಾರ್ಡು ಈ ಭಾನುವಾರವೂ ಖಾಲಿ ಇರುತ್ತದೆ, ಬೆಳಗ್ಗೆ ಆರಕ್ಕೆ ಬರಲು ಹೇಳಿದ್ದೇನೆ.